ರೊಟ್ಟಿಗೆ ರೇಟು ಹಾಕಲು ಕಲಿಸಿದವರಿಗೆ

ಈ ಎಳ್ಳ ಅಮಾವಾಸ್ಯೆಗೆ ನಮ್ಮ ಆನ್‌ಲೈನ್ ರೊಟ್ಟಿ ವ್ಯಾಪಾರಕ್ಕೆ ಎರಡು ವರ್ಷ ತುಂಬಿತು. ಸಣ್ಣ ಮಗಳ ಕಾಲೇಜು ಫೀ ಈ ಸಲ ನನ್ನ ಖಾತೆಯಿಂದಲೇ ಹೋಯಿತು. ನಲವತ್ತೆಂಟರ ವಯಸ್ಸಿನಲ್ಲಿ ಹಿಡಿದ ಕೆಲಸ ಇದು, ಬಹಳ ಮಂದಿಯ ಕೈ ಇದರಲ್ಲಿದೆ. ಹೆಸರು ಹಾಕುವುದಿಲ್ಲ, ಓದಿದರೆ ಅವರಿಗೇ ಗೊತ್ತಾಗುತ್ತದೆ.

ಮೊದಲು ನನ್ನ ನೆಗೆಣಿಗೆ. ಕಲಬುರಗಿ ಕಡೆ ರೊಟ್ಟಿ ಬಡಿಯಲು ಬಾರದ ನನ್ನ ವಯಸ್ಸಿನ ಹೆಂಗಸು ಸಿಗುವುದು ಕಷ್ಟ. ಎಲ್ಲರಿಗೂ ಬರುತ್ತದೆ ಅಂತಲೇ ಅದಕ್ಕೆ ಬೆಲೆ ಇಲ್ಲದಂತಾಗಿತ್ತು. ಬೆಂಗಳೂರಿನ ಪರಿಚಯದವರು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕೇಳಿದರೆ ಸುಮ್ನೆ ಕಟ್ಟಿ ಕಳಿಸುತ್ತಿದ್ದೆ. ರೊಕ್ಕ ಕೇಳಲು ಬಾಯಿ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ನೆಗೆಣಿ ಮಕ್ಕಳ ಹಳೇ ನೋಟ್‌ಬುಕ್ ಹಿಡಿದು ಕೂತಳು. ಜೋಳ, ಗಿರಣಿ, ಗ್ಯಾಸು, ಎಳ್ಳು, ಕವರು, ಡಬ್ಬಿ, ಪೋಸ್ಟು ಎಲ್ಲ ಬರೆಸಿದಳು. ಕೆಳಗೆ ಒಂದು ಸಾಲು ಖಾಲಿ ಬಿಟ್ಟು, "ಅಕ್ಕಾ, ನಿನ್ನ ಕೈಗೂಲಿ ಎಲ್ಲಿ ಅದ ಇದರಾಗ?" ಅಂದಳು. ನಾನು ಸುಮ್ಮನಿದ್ದೆ. "ಹೊಲದಾಗ ಕಸ ತೆಗೆದ್ರ ಕೂಲಿ ಕೊಡ್ತಾರ. ಬೆಂಕಿ ಮುಂದ ನಿಂತೋರಿಗೆ ಯಾಕ ಬ್ಯಾಡ?" ಅಂತ ಅವಳೇ ಆ ಸಾಲಿನಲ್ಲಿ ಒಂದು ಅಂಕಿ ಬರೆದಳು. ಇಂದಿಗೂ ರೇಟು ಕಟ್ಟುವುದು ಅದೇ ಲೆಕ್ಕದ ಮೇಲೆ. ತಂಗೀ, ಈ ಉಪಕಾರ ದೊಡ್ಡದು.

ವಾಟ್ಸಾಪ್‌ನಲ್ಲಿ ಫೋಟೊ, ರೇಟು ಹಾಕುವುದು, ಯುಪಿಐ ಸ್ಕ್ಯಾನರ್ ಇಡುವುದು, ಇದೆಲ್ಲ ಮಗಳ ಕೆಲಸ. ಎಷ್ಟು ಸಲ ಕೇಳಿದರೂ ಬೇಸರ ಮಾಡದೆ ಹೇಳಿಕೊಟ್ಟಳು.

ಮನೆಯವರು ಶುರುವಿನಲ್ಲಿ "ಮಂದಿ ಏನಂತಾರ" ಅಂದಿದ್ದರು, ನಿಜ. ಆದರೆ ಕೆಳಗೆ ಕೂತು ಬಡಿದು ನನ್ನ ಮೊಣಕಾಲು ಬಾತಾಗ, ಶಹಾಬಾದ್ ಕಲ್ಲು ತಂದು, ನಿಂತು ಬಡಿಯುವಷ್ಟು ಎತ್ತರಕ್ಕೆ ಕಟ್ಟೆ ಹಾಕಿಸಿಕೊಟ್ಟವರೂ ಅವರೇ. ಇದಕ್ಕಿಂತ ದೊಡ್ಡ ಒಪ್ಪಿಗೆ ಬೇಕಾ?

ಮುಟ್ಟು ನಿಲ್ಲುವ ವಯಸ್ಸು, ಮೇಲೆ ನಮ್ಮೂರ ಬೇಸಿಗೆ. ಹಂಚಿನ ಮುಂದೆ ನಿಂತರೆ ಮೈಯೆಲ್ಲ ಉರಿಯುತ್ತಿತ್ತು, ರಾತ್ರಿ ನಿದ್ದೆ ಇಲ್ಲ. "ಈ ವಯಸ್ಸಿಗೆ ಇದೆಲ್ಲ ಯಾಕ್ರೀ" ಎಂದು ಹೇಳದೆ, ಕೆಲಸ ಬಿಡದೆ ಹೇಗೆ ಸುಧಾರಿಸಿಕೊಳ್ಳಬೇಕು ಎಂದು ಹೇಳಿದ ಡಾಕ್ಟರಮ್ಮನಿಗೆ ನಮಸ್ಕಾರ.

ಗಿರಣಿ ಕಾಕಾನನ್ನು ಮರೆತರೆ ರೊಟ್ಟಿಯೇ ಇಲ್ಲ. ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ. ಎಷ್ಟೇ ಕುದಿಯುವ ಎಸರು ಹಾಕಿ ನಾದಿದರೂ ಅಂಚು ಒಡೆಯುತ್ತದೆ. ಅದಕ್ಕೇ ಸ್ವಲ್ಪ ಸ್ವಲ್ಪವೇ ಬೀಸಿಸಬೇಕು. ಕಾಕಾ ನಮ್ಮ ಬಿಳಿಜೋಳಕ್ಕಾಗಿ ಬೆಳಿಗ್ಗೆ ಬೇಗನೆ ಗಿರಣಿ ತೆಗೆಯುತ್ತಾರೆ. ಜೋಳದ ಮೇಲೆ ಜೋಳವನ್ನೇ ಹಾಕುತ್ತಾರೆ, ಗೋಧಿ ಸೋಕಿಸುವುದಿಲ್ಲ.

ಒಂದು ಕೊರಿಯರ್‌ನವರ ಕೈಗೆ ಕೊಟ್ಟ ರೊಟ್ಟಿ ಪುಡಿಯಾಗಿ ಮುಟ್ಟಿದಾಗ ನಾನು ಅತ್ತಿದ್ದೆ. ಸ್ಪೀಡ್ ಪೋಸ್ಟ್ ಕೌಂಟರಿನ ಅಣ್ಣ ನನ್ನ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. "ಸದ್ದು ಬಂತಂದ್ರ ಮುರೀತದ ಅಂತ ತಿಳ್ಕೋರಿ ಅಕ್ಕಾ. ಸದ್ದು ನಿಲ್ಲೋತನ ಪೇಪರ್ ತುರುಕ್ರಿ." ಮಳೆಗಾಲದಲ್ಲಿ ರೊಟ್ಟಿ ಮೆತ್ತಗಾಗದಂತೆ ಒಳಗೊಂದು ಕವರು ಸೀಲ್ ಮಾಡುವುದನ್ನು ಆಮೇಲೆ ನಾವೇ ಸೇರಿಸಿದೆವು. ಈಗಲೂ ಪ್ರತಿ ಡಬ್ಬಿಯನ್ನೂ ಕಿವಿಗೆ ಹಿಡಿದು ನೋಡಿಯೇ ಕಳಿಸುತ್ತೇನೆ.

ಫುಡ್ ಲೈಸೆನ್ಸ್ ಅಂತ ಏಜೆಂಟ್ ಒಬ್ಬರು ಸಾವಿರಗಟ್ಟಲೆ ಕೇಳಿದ್ದರು. ಆನ್‌ಲೈನ್ ಸೆಂಟರಿನ ಹುಡುಗಿ ತಡೆದಳು. ನಮ್ಮಂಥ ಸಣ್ಣವರಿಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ) ನೋಂದಣಿ ಸಾಕು, ಆಗ ಸರಕಾರಿ ಫೀ ವರ್ಷಕ್ಕೆ 100 ರೂಪಾಯಿ ಅಷ್ಟೇ. ಸಣ್ಣ ಉದ್ದಿಮೆಗಳಿಗೆ ಸರಕಾರ ಮಾಡಿರುವ ಉದ್ಯಮ್ ನೋಂದಣಿಗೆ ಒಂದು ರೂಪಾಯಿಯೂ ಇಲ್ಲ. ಅವಳೇ ಕೂತು ತುಂಬಿಸಿದಳು. ಲೇಬಲ್ ಮೇಲೆ ಎಫ್‌ಎಸ್‌ಎಸ್‌ಎಐ ನಂಬರಿನ ಆ 14 ಅಂಕಿ ನೋಡಿದಾಗೆಲ್ಲ ಅವಳು ನೆನಪಾಗುತ್ತಾಳೆ. ಹೊಸದಾಗಿ ಶುರು ಮಾಡುವ ಅಕ್ಕಂದಿರೇ, ದಯವಿಟ್ಟು ಮೊದಲು ಇದನ್ನು ವಿಚಾರಿಸಿ.

ಜಿಲ್ಲಾಡಳಿತ 'ಕಲಬುರಗಿ ರೊಟ್ಟಿ' ಹೆಸರಿನಲ್ಲಿ ಸ್ವಸಹಾಯ ಸಂಘಗಳ ರೊಟ್ಟಿಯನ್ನು ಆನ್‌ಲೈನ್‌ಗೆ ತಂದದ್ದರಿಂದ ನಮ್ಮಂಥವರಿಗೂ ಒಳ್ಳೆಯದೇ ಆಯಿತು. ದೂರದ ಊರಿನವರಿಗೆ ರೊಟ್ಟಿ ಎಂದರೆ ಏನೆಂದು ಮೊದಲಿನಿಂದ ಹೇಳುವ ಕೆಲಸ ತಪ್ಪಿತು.

ಗ್ರಾಹಕರಿಗೆ ಏನು ಹೇಳಲಿ? "ಮನೇಲಿ ಮಾಡೋದಲ್ವಾ, ಇಷ್ಟ್ಯಾಕೆ?" ಎಂದು ಗ್ರೂಪಿನಲ್ಲಿ ಯಾರೋ ಕೇಳಿದಾಗ, ನಾನು ಬಾಯಿ ತೆಗೆಯುವ ಮೊದಲೇ ನಿಮ್ಮಲ್ಲಿ ಕೆಲವರು "ಬಡಿದು ನೋಡ್ರಿ, ಗೊತ್ತಾಗ್ತದ" ಎಂದು ಬರೆದಿರಿ. ಆ ದಿನ ನನಗೆ ಬಹಳ ಧೈರ್ಯ ಬಂತು.

ಕೊನೆಗೆ, ನನ್ನ ಜೊತೆ ಬಡಿಯುವ ಇಬ್ಬರು. ಒಬ್ಬಾಕೆ ವಿಧವೆ, ಇನ್ನೊಬ್ಬಾಕೆಯ ಗಂಡ ಮುಂಬೈನಲ್ಲಿ ದುಡಿಯುತ್ತಾನೆ. ನನಗೆ ಹುಷಾರಿಲ್ಲದ ದಿನ ಒಂದು ಆರ್ಡರೂ ತಪ್ಪದಂತೆ ನೋಡಿಕೊಂಡವರು ಇವರು. ನೆಗೆಣಿಯ ನೋಟ್‌ಬುಕ್ಕಿನಲ್ಲಿ ಕೈಗೂಲಿಯ ಸಾಲು ಈಗ ಮೂರು ಆಗಿವೆ, ಹಬ್ಬದ ಮೊದಲು ಮೂರಕ್ಕೂ ರೇಟು ಏರಿಸಿದ್ದೇವೆ. ಅಕ್ಕಂದಿರೇ, ನಿಮ್ಮಿಬ್ಬರಿಗೂ ಎಲ್ಲರ ಎದುರಿಗೆ ಶರಣು.