ತಲೆನೋವನ್ನು ಬಚ್ಚಿಡಬೇಡ

ಚಿ. ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪೆರು ದೇಶದ ಹುವಾರಾಸ್‌ನಿಂದ ನೀನು ಬರೆದ ಪತ್ರದಲ್ಲಿ ಉಳಿದದ್ದೆಲ್ಲ ಸಂತೋಷದ ಸಂಗತಿಯೇ. ಆದರೆ ಪಿಸ್ಕೋ ಶಿಖರದ ಬುಡದ ಶಿಬಿರದಲ್ಲಿ ರಾತ್ರಿಯೆಲ್ಲ ತಲೆ ಸಿಡಿಯಿತೆಂದೂ, ಗೈಡ್‌ಗೆ ಹೇಳಿದರೆ ಹುವಾಸ್ಕರಾನ್ ಪರ್ವತಕ್ಕೆ ಕರೆದೊಯ್ಯಲಾರರೆಂದು ಹೆದರಿ ಸುಮ್ಮನಿದ್ದೆನೆಂದೂ ನಡುವೆ ಬರೆದಿದ್ದೀಯೆ. ಆ ಮಾತು ನನ್ನನ್ನು ನಿದ್ದೆಗೆ ಬಿಡುತ್ತಿಲ್ಲ.

ಯುಂಗಾಯ್ ಊರು ಹೂತುಹೋದ ಜಾಗವನ್ನು ನೋಡಿ ಬಂದೆಯಂತೆ. 1970ರ ಮೇ 31ರ ಭೂಕಂಪದಲ್ಲಿ ಹುವಾಸ್ಕರಾನಿನ ಉತ್ತರ ಶಿಖರದಿಂದ ಕಳಚಿದ ಬಂಡೆ, ಹಿಮಗಳು ಕೆಲವೇ ನಿಮಿಷಗಳಲ್ಲಿ ಆ ಊರನ್ನು ಮುಚ್ಚಿಬಿಟ್ಟವು. ಅಂಥದ್ದು ಯಾರ ಕೈಯಲ್ಲಿಯೂ ಇಲ್ಲ, ಆ ಭಯಕ್ಕಾಗಿ ನಿನ್ನನ್ನು ತಡೆಯುವವನೂ ನಾನಲ್ಲ. ದೇಹ ಎತ್ತರಕ್ಕೆ ಒಗ್ಗಿಲ್ಲವೆಂದು ಹೇಳುವ ನಿನ್ನ ತಲೆನೋವಿನ ವಿಷಯ ಹಾಗಲ್ಲ. ನೀನು ಬಾಯಿ ಬಿಟ್ಟರಷ್ಟೇ ಅದು ಇನ್ನೊಬ್ಬರಿಗೆ ತಿಳಿಯುತ್ತದೆ.

ಪಿಸ್ಕೋದ ಶಿಬಿರದಿಂದಾದರೆ ನಡೆದು ಇಳಿಯಬಹುದಿತ್ತು. ಹುವಾಸ್ಕರಾನಿನಲ್ಲಿ ಎರಡು ಶಿಖರಗಳ ನಡುವೆ ಸುಮಾರು 6,000 ಮೀಟರ್ ಎತ್ತರದಲ್ಲಿ ಗರ್ಗಾಂತಾ ಎಂಬ ಹಿಮದ ತಗ್ಗಿದೆಯಲ್ಲ, ಅದಕ್ಕೆ ಏರುವ ದಾರಿ ಜೋತುಬಿದ್ದ ಹಿಮಗೋಡೆಗಳ ಕೆಳಗೇ ಹಾಯುವುದರಿಂದ ಬಿಸಿಲೇರುವ ಮೊದಲೇ ಅದನ್ನು ದಾಟುತ್ತಾರೆ. ಮಧ್ಯಾಹ್ನ ಅಲ್ಲಿ ನಿನಗೆ ಉಸಿರು ಸಾಲದೆ ಹೋದರೆ, ಇಳಿಯುವುದೇ ಮದ್ದು. ಆದರೆ ಇಳಿಯಬೇಕಾದದ್ದು ಆ ಕೆಟ್ಟ ಹೊತ್ತಿನಲ್ಲಿ ಅದೇ ಗೋಡೆಗಳ ಕೆಳಗೆ. ಬೆಳಗಾಗಲೆಂದು ಕಾದರೆ, ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ ಇರುವಲ್ಲಿ ರಾತ್ರಿ ಕಳೆಯಬೇಕು. ನಿನ್ನ ಹಗ್ಗಕ್ಕೆ ಕಟ್ಟಿಕೊಂಡವರೂ ನಿನ್ನ ಜೊತೆಗೇ ಸಿಕ್ಕಿಕೊಳ್ಳುತ್ತಾರೆ.

ನಾನು ಗಢವಾಲದ ಬೆಟ್ಟಗಳಲ್ಲಿ ತರಬೇತಿಗೆ ಹೋಗಿದ್ದಾಗ ನನ್ನ ಡೇರೆಯಲ್ಲಿದ್ದ ಸಾಗರದ ಹುಡುಗ ಹೀಗೆಯೇ ಬಚ್ಚಿಟ್ಟ. ಕೆಳಗೆ ಕಳುಹಿಸಿಬಿಡುತ್ತಾರೆಂಬ ಅಂಜಿಕೆ ಅವನಿಗೆ. ಮೂರನೆಯ ರಾತ್ರಿ ಅವನ ಎದೆಯಲ್ಲಿ ಗೊರಗೊರ ಸದ್ದು ಕೇಳಿಸಿತು, ಕತ್ತಲಲ್ಲೇ ಹೊತ್ತು ಇಳಿಸಿದರು. ಬದುಕಿಕೊಂಡ, ಆದರೆ ಮತ್ತೆ ಬೆಟ್ಟದ ಕಡೆ ಮುಖ ಹಾಕಲಿಲ್ಲ; ಅವನಿಲ್ಲದೆ ನನಗೂ ಮನಸ್ಸಾಗಲಿಲ್ಲ. ನಮ್ಮ ಶಿಕ್ಷಕರು ಮೃದು ಮನಸ್ಸಿನವರು, ಒಂದೆರಡು ದಿನ ಕೆಳಗಿರಿಸಿ ಪುನಃ ಕರೆತರುತ್ತಿದ್ದರು. ಅದು ಅವನಿಗೆ ತಿಳಿಯದೇ ಹೋಯಿತಲ್ಲ ಎಂದು ಈ ವಯಸ್ಸಿನಲ್ಲಿಯೂ ನೋಯುತ್ತೇನೆ.

ನಿನಗೆ ಕಲಿಸುವಷ್ಟು ನಾನು ಬಲ್ಲವನಲ್ಲ, ಹುವಾಸ್ಕರಾನಿನಂಥ 6,768 ಮೀಟರಿನ ಶಿಖರವನ್ನು ದೂರದಿಂದಲೂ ಕಂಡವನಲ್ಲ. ಆದರೂ, ನೋವು ಪೂರ್ತಿ ಇಳಿಯುವ ತನಕ ಇನ್ನೂ ಎತ್ತರದಲ್ಲಿ ಮಲಗಬೇಡ. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರವಾಗಿ ನಡೆಯಲು ನೋಡು, ತೂರಾಡಿದರೆ ಆಗಲೇ ಇಳಿ. ನೋವಿನ ಮಾತ್ರೆ ನುಂಗಿದ್ದರೆ ಅದನ್ನೂ ಗೈಡ್‌ಗೆ ಹೇಳಿಬಿಡು. ಮಾತ್ರೆಯಿಂದ ತಲೆ ಹಗುರಾದ ಮಾತ್ರಕ್ಕೆ ದೇಹ ಒಗ್ಗಿತೆಂದು ಅವರು ತಿಳಿಯಬಾರದು. ಇವೆಲ್ಲ ನಿನಗೆ ಗೊತ್ತಿದ್ದರೆ ಮುದುಕನ ಮಾತೆಂದು ಸಹಿಸಿಕೋ.

ಹುವಾಸ್ಕರಾನ್ ಏರಲು ಮುಶೋ ಹಳ್ಳಿಯಿಂದ ಹೊರಡುವ ಮುನ್ನ ಗೈಡ್‌ಗೆ ತಿಳಿಸಿದೆನೆಂದು ಎರಡು ಸಾಲು ಬರೆ. ನಿನ್ನ ಅಮ್ಮನಿಗೆ ನಾನಿನ್ನೂ ಏನನ್ನೂ ಹೇಳಿಲ್ಲ.

ನಿನ್ನ ದೊಡ್ಡಪ್ಪ