ಸೆಮಿನರಿ ವಿದ್ಯಾರ್ಥಿಗಳನ್ನು ಏಪ್ರಿಲ್‌ನಲ್ಲಲ್ಲ, ಮಳೆಗಾಲದಲ್ಲಿ ಕಳುಹಿಸಿ

ಮಾನ್ಯ ಸಂಪಾದಕರೇ,

ಏಪ್ರಿಲ್ ಬಂತೆಂದರೆ ನಮ್ಮ ಕೊಡಗಿನ ಚರ್ಚುಗಳಿಗೆ ಸೆಮಿನರಿ ವಿದ್ಯಾರ್ಥಿಗಳು ಬರುತ್ತಾರೆ. ಮುಂದೆ ಪಾಸ್ಟರ್ ಆಗಬೇಕು ಅಂತ ಓದುತ್ತಿರುವ ಹುಡುಗ ಹುಡುಗಿಯರು. ಕಾಲೇಜಿನವರು ಪ್ರಾಯೋಗಿಕ ಸೇವಾ ತರಬೇತಿ ಅಂತ ಕೆಲವು ವಾರಕ್ಕೆ ಕಳುಹಿಸಿರುತ್ತಾರೆ. ಬಂದವರು ಭಾನುವಾರ ಪ್ರಸಂಗ (ಉಪದೇಶ) ಮಾಡುತ್ತಾರೆ, ಮಕ್ಕಳಿಗೆ ರಜೆಯ ಬೈಬಲ್ ತರಗತಿ ನಡೆಸುತ್ತಾರೆ, ಗಿಟಾರ್ ಹಿಡಿದು ನಾಲ್ಕು ಹೊಸ ಹಾಡು ಕಲಿಸುತ್ತಾರೆ, ನಾವು ಕೋಳಿ ಸಾರು ಮಾಡಿ ಊಟ ಹಾಕಿ ರಾಜಾಸೀಟು, ಅಬ್ಬಿ ಜಲಪಾತ ತೋರಿಸುತ್ತೇವೆ, ಕೊನೆಗೆ ಪಾಸ್ಟರ್ ಫಾರಂಗೆ ಸಹಿ ಹಾಕಿ ಬಸ್ಸು ಹತ್ತಿಸುತ್ತಾರೆ. ಇದರಲ್ಲಿ ತರಬೇತಿ ಎಲ್ಲಿದೆ ಸ್ವಾಮಿ?

ಮಕ್ಕಳ ಮೇಲೆ ದೂರಿಲ್ಲ. ಒಳ್ಳೆಯ ಮಕ್ಕಳೇ ಬರುತ್ತಾರೆ. ದೂರಿರುವುದು ಕಳುಹಿಸುವವರ ಮೇಲೆ, ಬರಮಾಡಿಕೊಳ್ಳುವ ನಮ್ಮಂಥ ಚರ್ಚ್ ಸಭೆಗಳ ಮೇಲೆ. ಏಪ್ರಿಲ್ ಅಂದರೆ ಕೊಡಗು ಕೈಕಾಲು ಚಾಚಿ ಕೂತಿರುವ ತಿಂಗಳು. ಕಾಫಿ ಕೊಯ್ಲು ಮುಗಿದಿರುತ್ತದೆ, ಅಸ್ಸಾಂ ಕಡೆಯಿಂದ ಬಂದಿದ್ದ ಕೆಲಸಗಾರರಲ್ಲಿ ತುಂಬಾ ಜನ ಊರಿಗೆ ಹೋಗಿರುತ್ತಾರೆ, ಲೈನ್ ಮನೆಗಳು (ಎಸ್ಟೇಟ್ ಕೆಲಸಗಾರರ ಸಾಲು ಮನೆಗಳು) ಅರ್ಧ ಖಾಲಿ, ಉಳಿದವರಿಗೆ ಮದುವೆ ಓಡಾಟ. ಆಗ ಬಂದವರಿಗೆ ಕಾಣುವುದು ನಗುಮುಖ ಮಾತ್ರ. ಪಾಸ್ಟರ್ ಕೆಲಸ ಏನು ಅಂತ ಗೊತ್ತಾಗಬೇಕಾದರೆ ಜುಲೈನಲ್ಲಿ ಬರಬೇಕು. ಇಲ್ಲವೇ ಜನವರಿಯಲ್ಲಿ, ರೊಬಸ್ಟಾ ಕೊಯ್ಲಿನ ಹೊತ್ತಿಗೆ.

ಜುಲೈನಲ್ಲಿ ಒಂದು ಶವಸಂಸ್ಕಾರ ಹೇಗಿರುತ್ತದೆ ಹೇಳುತ್ತೇನೆ. ಗುಂಡಿ ತೋಡುತ್ತಿದ್ದ ಹಾಗೇ ಬದಿಯಿಂದ ನೀರು ಜಿನುಗುತ್ತದೆ. ಒಬ್ಬರು ಬಕೆಟ್‌ನಲ್ಲಿ ಎತ್ತಿ ಎತ್ತಿ ಹೊರಗೆ ಸುರಿಯುತ್ತಲೇ ಇರಬೇಕು. ನಾಲ್ಕು ಜನ ಟಾರ್ಪಾಲ್ ಹಿಡಿದು ನಿಲ್ಲುತ್ತಾರೆ, ಗಾಳಿ ಬೀಸಿದರೆ ಅದರ ಮೇಲೆ ನಿಂತ ನೀರೆಲ್ಲಾ ಪೆಟ್ಟಿಗೆಯ ಮೇಲೆ. ಆರಾಧನೆ ಪುಸ್ತಕದ ಹಾಳೆಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕರೆಂಟ್ ಹೋಗಿ ದಿನಗಳಾಗಿರುತ್ತವೆ, ಫೋನ್ ಸತ್ತಿರುತ್ತದೆ, ಮರ ಬಿದ್ದು ರಸ್ತೆ ಬಂದ್ ಆಗಿ ಹತ್ತಿರದ ನೆಂಟರೇ ಬಂದಿರುವುದಿಲ್ಲ. ಕಾಯೋಣವಾ ಬೇಡವಾ ಅಂತ ಎಲ್ಲರೂ ಪಾಸ್ಟರ್ ಮುಖ ನೋಡುತ್ತಾರೆ. ಆ ಹೊತ್ತಿಗೆ ಪ್ರಾರ್ಥನೆ ಬಾಯಿಪಾಠ ಬರಬೇಕು, ಎಲ್ಲಿ ಚಿಕ್ಕದು ಮಾಡಬೇಕು ಅನ್ನುವುದೂ ಗೊತ್ತಿರಬೇಕು. ಇದನ್ನು ತರಗತಿಯಲ್ಲಿ ಯಾರು ಕಲಿಸುತ್ತಾರೆ? ಕಲಿಸಲಿಕ್ಕೆ ಆಗುವುದೂ ಇಲ್ಲ. ಗೊತ್ತಿರುವವರ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ ಕಡೆ ಇನ್ನೊಂದು ಇದೆ. ಬೆಳಿಗ್ಗೆ ಕೆಲಸಕ್ಕೆ ಹೊರಟವರನ್ನು ಆನೆ ತುಳಿದುಬಿಡುತ್ತದೆ. ಕೂಡಲೇ ಅರಣ್ಯ ಇಲಾಖೆಯವರು, ಪೊಲೀಸರು, ಮಹಜರು, ಪೋಸ್ಟ್ ಮಾರ್ಟಂ. ಜನ ಸಿಟ್ಟಾಗಿ ರಸ್ತೆಯಲ್ಲಿ ಕೂತಿರುತ್ತಾರೆ. ಹೆಂಡತಿ ಒಂದು ಮೂಲೆಯಲ್ಲಿ ಮಾತೇ ಇಲ್ಲದೆ ಕೂತಿರುತ್ತಾಳೆ, ಅವಳ ಕೈಗೆ ಯಾರೋ ಕಾಗದ ಕೊಟ್ಟು ಸಹಿ ಹಾಕಮ್ಮ ಅಂತಿರುತ್ತಾರೆ. ಅಲ್ಲಿಗೆ ಬರುವ ಪಾಸ್ಟರ್ ಮೊದಲು ಮಾಡಬೇಕಾದ್ದು ಪ್ರಾರ್ಥನೆ ಅಲ್ಲ, ಆ ಕಾಗದದಲ್ಲಿ ಏನಿದೆ ಅಂತ ಓದಿ ಅವಳಿಗೆ ಹೇಳುವುದು. ಪರಿಹಾರದ ಅರ್ಜಿಗೆ ಮರಣ ಪ್ರಮಾಣಪತ್ರ, ಆಧಾರ್, ಪಾಸ್‌ಬುಕ್ ಅಂತ ಏನೇನು ಬೇಕು, ಯಾವ ಕಚೇರಿಗೆ ಹೋಗಬೇಕು ಅಂತ ಗೊತ್ತಿದ್ದರೆ ಆ ಮನೆಗೆ ಅದೇ ದೊಡ್ಡ ಆಸರೆ. ಗ್ರೀಕ್, ಹೀಬ್ರೂ ಓದುವುದು ಬೇಡ ಅಂತಲ್ಲ. ಓದಲಿ. ಜೊತೆಗೆ ತಾಲ್ಲೂಕು ಕಚೇರಿಯ ಬಾಗಿಲೂ ಗೊತ್ತಿರಲಿ.

ಹಾಗಂತ ಇದು ನನ್ನ ತಲೆಯಲ್ಲಿ ಹುಟ್ಟಿದ ಹೊಸ ವಿಚಾರವೇನಲ್ಲ. ಅಮೆರಿಕದಲ್ಲಿ ಆಂಟನ್ ಬೊಯ್ಸನ್ ಅಂತ ಒಬ್ಬ ಪಾದ್ರಿ ಇದ್ದರು. ಸ್ವತಃ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿ ಗುಣವಾಗಿ ಬಂದವರು. 1925ರಲ್ಲಿ ಅವರು ಮ್ಯಾಸಚೂಸೆಟ್ಸ್‌ನ ವೂಸ್ಟರ್ ಮಾನಸಿಕ ಆಸ್ಪತ್ರೆಗೆ ದೇವಶಾಸ್ತ್ರದ ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ವಾರ್ಡಿನ ಕೆಲಸಕ್ಕೆ ಹಚ್ಚಿದರು. ಪುಸ್ತಕ ಓದುವ ಹಾಗೇ ಮನುಷ್ಯರನ್ನೂ ಓದಲು ಕಲಿಯಿರಿ ಅನ್ನುವುದು ಅವರ ವಾದ. ಆ ಕ್ರಮ ಬೆಳೆದು ಇವತ್ತು ನಮ್ಮ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲೂ ಇದೆ. ಅದರಲ್ಲಿ ನನಗೆ ತುಂಬಾ ಹಿಡಿಸುವ ಭಾಗ ಒಂದಿದೆ. ವಿದ್ಯಾರ್ಥಿ ರೋಗಿಯ ಹತ್ತಿರ ಮಾತಾಡಿ ಬಂದ ಮೇಲೆ ಇಬ್ಬರೂ ಆಡಿದ ಮಾತನ್ನು ನೆನಪಿಸಿಕೊಂಡು ಇದ್ದದ್ದು ಇದ್ದ ಹಾಗೇ ಬರೆಯಬೇಕು. ಆಮೇಲೆ ಮೇಲ್ವಿಚಾರಕರ ಮತ್ತು ಜೊತೆಯವರ ಮುಂದೆ ಓದಬೇಕು. ಅವರು ಕೇಳುತ್ತಾರೆ: ಇಲ್ಲಿ ಆ ಅಜ್ಜ ಮಗಳ ಮಾತು ಎತ್ತಿದರಲ್ಲ, ನೀನು ಯಾಕೆ ತಕ್ಷಣ ಬೈಬಲಿನ ಕೀರ್ತನೆ ಓದಲು ಶುರು ಮಾಡಿದೆ? ಮಗಳ ವಿಷಯ ಕೇಳಲು ನಿನಗೆ ಭಯ ಆಯಿತಾ? ಇಂಥ ಒಂದು ಪ್ರಶ್ನೆ ಹತ್ತು ಪ್ರಸಂಗಕ್ಕಿಂತ ಜಾಸ್ತಿ ಕಲಿಸುತ್ತದೆ ಅಂತ ನನ್ನ ನಂಬಿಕೆ. ಇದಕ್ಕೆ ಖರ್ಚೂ ಇಲ್ಲ, ಒಂದು ನೋಟ್‌ಬುಕ್ ಸಾಕು, ಕೂತು ಕೇಳುವ ತಾಳ್ಮೆ ಇರುವ ಒಬ್ಬ ಹಿರಿಯರು ಬೇಕು. ಬರೆಯುವಾಗ ಹೆಸರು ಹಾಕಬಾರದು, ಇನ್ನೊಬ್ಬರ ಮನೆಯ ಗುಟ್ಟು ಕಾಲೇಜಿನ ಹಾಸ್ಟೆಲ್ ಸುತ್ತಬಾರದು, ಅದೊಂದು ಕಟ್ಟುನಿಟ್ಟಾಗಿರಬೇಕು.

ಕ್ಯಾಥೊಲಿಕರಲ್ಲಿ ನೋಡಿ, ತತ್ವಶಾಸ್ತ್ರ ಮುಗಿಸಿ ದೇವಶಾಸ್ತ್ರಕ್ಕೆ ಹೋಗುವ ಮುಂಚೆ ಬ್ರದರ್‌ಗಳನ್ನು (ಪಾದ್ರಿಯಾಗಲು ಓದುತ್ತಿರುವವರನ್ನು) ರೀಜೆನ್ಸಿ ಅಂತ ಸಾಮಾನ್ಯವಾಗಿ ಒಂದು ವರ್ಷವಾದರೂ ಹೊರಗೆ ಬಿಡುತ್ತಾರೆ. ಒಂದೇ ಊರಲ್ಲಿ ಮಳೆ, ಕೊಯ್ಲು, ಹಬ್ಬ ಎಲ್ಲಾ ಕಂಡಿರುತ್ತಾರೆ. ನಮ್ಮ ಪ್ರಾಟೆಸ್ಟೆಂಟ್ ಕಾಲೇಜುಗಳಲ್ಲೂ ವಾರಾಂತ್ಯದ ಸೇವೆ, ಇಂಟರ್ನ್‌ಶಿಪ್ ಎಲ್ಲಾ ಇದೆ. ಆದರೆ ಭಾನುವಾರ ಬೆಳಿಗ್ಗೆ ಬಂದು ಸಂಜೆ ಹೋದರೆ ಲೈನ್ ಮನೆಯವರ ಪರಿಚಯ ಹೇಗಾಗಬೇಕು? ಭಾನುವಾರ ಅವರಿಗೆ ಬಟ್ಟೆ ಒಗೆಯಬೇಕು, ಸಂತೆಗೆ ಹೋಗಬೇಕು, ಸ್ವಲ್ಪ ನಿದ್ದೆ ಮಾಡಬೇಕು. ಬಟವಾಡೆ ಆದ ದಿನ ಅಂತೂ ಕೆಲವು ಮನೆಗಳಲ್ಲಿ ಬೇರೆಯೇ ಗಲಾಟೆ. ಸಂಜೆ ಕೆಲಸದಿಂದ ಬಂದು ಸ್ನಾನಕ್ಕೆ ಒಲೆ ಹೊತ್ತಿಸಿದ ಮೇಲೆ ಹೋದರೆ ಮಾತು ಸಿಗುತ್ತದೆ, ಆದರೆ ಕತ್ತಲಾಗುವ ಮುಂಚೆ ವಾಪಸ್ ಬರಬೇಕು, ಆನೆ ದಾರಿ. ಆ ಒಂದು ಗಂಟೆಯನ್ನು ಹೇಗೆ ಬಳಸಬೇಕು ಅಂತ ತಿಳಿಯಲಿಕ್ಕೇ ತಿಂಗಳುಗಳು ಬೇಕು. ಅಲ್ಲಿ ಪುಸ್ತಕದ ಕನ್ನಡ ನಡೆಯಲ್ಲ. ಒಂದೇ ಸಾಲಿನಲ್ಲಿ ತಮಿಳು, ಮಲಯಾಳಂ, ಯರವ, ಹಿಂದಿ, ಎಲ್ಲಾ ಇರುತ್ತದೆ.

ವಿದ್ಯಾರ್ಥಿನಿಯರ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ 1976ರಿಂದಲೇ ಮಹಿಳೆಯರಿಗೆ ಪಾಸ್ಟರ್ ಆಗುವ ಗುರುದೀಕ್ಷೆ ಇದೆ. ಆದರೂ ತರಬೇತಿಗೆ ಬಂದ ಹುಡುಗಿಗೆ ನಾವು ಕೊಡುವುದು ಸಂಡೇ ಸ್ಕೂಲು, ಹೂವಿನ ಅಲಂಕಾರ! ಲೈನ್ ಮನೆಯ ಹೆಂಗಸರು ಗಂಡನ ಕುಡಿತ, ಹೊಡೆತದ ಮಾತು ನಮ್ಮಂಥ ಗಂಡಸರ ಮುಂದೆ ಎತ್ತುವುದೇ ಇಲ್ಲ. ಆ ಹುಡುಗಿಯ ಹತ್ತಿರ ಹೇಳುತ್ತಾರೆ. ಹಾಗೆಯೇ ಹುಡುಗರನ್ನು ಸುಮ್ನೆ ಕುರ್ಚಿ ಜೋಡಿಸಲು, ಪ್ರೊಜೆಕ್ಟರ್ ಹಿಡಿಯಲು, ಪಾಸ್ಟರ್ ಮನೆಗೆ ಗ್ಯಾಸ್ ತರಲು ಬಳಸುವುದನ್ನೂ ನಿಲ್ಲಿಸಬೇಕು.

ಇದನ್ನೆಲ್ಲಾ ಪತ್ರಿಕೆಗೆ ಯಾಕೆ ಬರೆಯುತ್ತಿದ್ದೀರಿ, ನಿಮ್ಮ ನಿಮ್ಮಲ್ಲೇ ಮಾತಾಡಿಕೊಳ್ಳಿ ಅಂತ ಕೆಲವರು ಅನ್ನಬಹುದು. ಮಾತಾಡಿಯಾಗಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನೊಂದು ಕಾರಣವೂ ಇದೆ. ಇವರು ಹೋಗುವುದು ಎಸ್ಟೇಟಿಗೆ, ಆಸ್ಪತ್ರೆಗೆ, ಅಲ್ಲಿ ಎಲ್ಲಾ ಧರ್ಮದವರೂ ಇರುತ್ತಾರೆ. ಮತಾಂತರಕ್ಕೆ ಬಂದಿದ್ದಾರಾ ಅಂತ ಕೇಳುವವರು ಕೇಳಿಯೇ ಕೇಳುತ್ತಾರೆ. ಆದ್ದರಿಂದ ಎಲ್ಲಾ ಬಹಿರಂಗವಾಗಿಯೇ ಇರಲಿ. ಎಸ್ಟೇಟಿನ ರೈಟರ್‌ಗೆ (ಗುಮಾಸ್ತರಿಗೆ) ಹೇಳಿ ಹೋಗಬೇಕು, ಆಸ್ಪತ್ರೆಯಲ್ಲಿ ಅನುಮತಿ ಪಡೆಯಬೇಕು, ಕರೆದವರ ಹಾಸಿಗೆ ಹತ್ತಿರ ಮಾತ್ರ ಹೋಗಬೇಕು, ಕಾಯಿಲೆಯವರ ಮುಂದೆ ಪ್ರಚಾರ ಮಾಡಬಾರದು. ಇದೂ ಪಾಠದ ಭಾಗವೇ.

ನಮ್ಮ ಜಿಲ್ಲೆಗೆ ಇದೆಲ್ಲಾ ಹೊಸದೂ ಅಲ್ಲ ಬಿಡಿ. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ (ಆ ಲೆಕ್ಕದಲ್ಲಿ ನಿಮ್ಮ ವೃತ್ತಿಯ ಅಜ್ಜನೇ!) 1850ರ ದಶಕದಲ್ಲಿ ಕೊಡಗಿಗೆ ಬಂದು ಕೆಲವು ವರ್ಷ ಇಲ್ಲೇ ನೆಲೆ ನಿಂತರು, ಆನಂದಪುರ ಅವರು ಕಟ್ಟಿದ ಊರು. ಅವರ ಎಲ್ಲಾ ಕೆಲಸ ನಾನು ಒಪ್ಪುತ್ತೇನೆ ಅಂತಲ್ಲ. ಆದರೆ ರಜೆಗೆ ಬಂದು ಹೋದವರಲ್ಲ.

ಕಾಲೇಜಿನವರಲ್ಲಿ ಕೇಳುವುದು ಇಷ್ಟೇ. ಜೂನ್‌ನಲ್ಲಿ ಕಳುಹಿಸಿ, ಫೆಬ್ರವರಿ ಕೊನೆಯವರೆಗೆ ಬಿಡಿ. ಅಂಕ ಕೊಡುವಾಗ ಪಾಸ್ಟರ್ ಒಬ್ಬರನ್ನೇ ಕೇಳಬೇಡಿ, ಅವರು ಪಾಪ ಮುಲಾಜಿಗೆ ಎಲ್ಲಾ ಕಡೆ ಉತ್ತಮ ಅಂತ ಬರೆದುಬಿಡುತ್ತಾರೆ. ಮಹಿಳಾ ಸಂಘದವರನ್ನು ಕೇಳಿ, ಲೈನ್‌ನ ಒಂದಿಬ್ಬರನ್ನು ಕೇಳಿ. ಊಟ, ಬಸ್ ಖರ್ಚು ಸಭೆಯೇ ನೋಡಿಕೊಳ್ಳಬೇಕು ಅಂತ ನಮ್ಮ ಸಮಿತಿಯಲ್ಲಿ ನಾನೇ ಎತ್ತುತ್ತೇನೆ. ಚರ್ಚಿನ ಹಿಂದೆ ಒಂದು ಕೋಣೆ ಇದೆ. ಗೀಸರ್ ಇಲ್ಲ, ಹಂಡೆ ಒಲೆ ಇದೆ. ಬರುವವರು ಗಮ್‌ಬೂಟು, ಒಳ್ಳೆಯ ಟಾರ್ಚು ತರಲಿ. ಗಿಟಾರ್ ಬೇಕಾದರೆ ತರಲಿ, ಮಳೆಗಾಲದಲ್ಲಿ ಅದಕ್ಕೆ ಬೂಸ್ಟು ಹಿಡಿದರೆ ನಮ್ಮನ್ನು ಕೇಳಬಾರದು.

– ಸಭಾ ಸಮಿತಿಯ ಒಬ್ಬ ಸದಸ್ಯ, ಸಿದ್ದಾಪುರ, ಕೊಡಗು