ಕಂಡದ್ದನ್ನು ಬರೆದರೆ ತಪ್ಪೇ?

ಮಾನ್ಯ ಸಂಪಾದಕರೇ,

ಶಾಲೆ ಶುರುವಾದ ಕೂಡಲೇ ನಡೆಯುವ ಸೇತುಬಂಧದ ಬಗ್ಗೆ ಈ ಪತ್ರ. ಹಿಂದಿನ ತರಗತಿಯ ಪಾಠ ಮಕ್ಕಳಲ್ಲಿ ಎಷ್ಟು ಉಳಿದಿದೆ ಎಂದು ನೋಡಿಕೊಂಡು ಮುಂದೆ ಹೋಗುವ ಕ್ರಮ ಒಳ್ಳೆಯದೇ. ನನ್ನ ತಕರಾರು ಆರನೇ ತರಗತಿಯ ಮೊಮ್ಮಗಳ ವಿಜ್ಞಾನದ ಹಾಳೆಯ ಮೇಲೆ ಬಿದ್ದ ಕೆಂಪು ಶಾಯಿಯದ್ದು.

‘ತಟ್ಟೆಯಲ್ಲಿ ಸ್ವಲ್ಪ ನೀರಿಟ್ಟು ಮೂರು ದಿನ ಗಮನಿಸಿ, ಕಂಡದ್ದನ್ನು ಬರೆಯಿರಿ’ ಎಂದಿತ್ತು. ಇವಳು ಸ್ಟೀಲ್ ತಟ್ಟೆಗೆ ನೀರು ಹಾಕಿ, ನೀರು ನಿಂತ ಮಟ್ಟಕ್ಕೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು ಜಗಲಿಯ ಮೂಲೆಯಲ್ಲಿಟ್ಟಳು. ಜೂನ್ ಕೊನೆ, ಹೊಸನಗರದ ಮಳೆ. ಆ ವಾರ ಒಗೆದು ಹಾಕಿದ ನನ್ನ ಪಂಚೆ ನಾಲ್ಕು ದಿನವಾದರೂ ಒಣಗದೆ, ಮುಗ್ಗುಲು ವಾಸನೆ ಬಂದು ಮತ್ತೆ ಒಗೆಯಬೇಕಾಯಿತು. ಅವಳು ಬರೆದದ್ದು ಇಷ್ಟು: ‘ಮೊದಲ ದಿನ ಗೆರೆಯಲ್ಲಿತ್ತು. ಎರಡನೇ ದಿನ ಗೆರೆಯಲ್ಲೇ ಇತ್ತು. ಮೂರನೇ ದಿನ ಗೆರೆಗಿಂತ ಮೇಲಿತ್ತು. ಇರಚಲು ಬಡಿದಿರಬಹುದು.’

ಅದರ ಮೇಲೆ ದೊಡ್ಡ ತಪ್ಪು ಗುರುತು. ‘ನೀರು ಆವಿಯಾಗಿ ಕಡಿಮೆಯಾಯಿತು’ ಎಂದು ಐದು ಸಲ ಬರೆದುಕೊಂಡು ಬರಬೇಕಂತೆ. ತಟ್ಟೆಯನ್ನೇ ಇಡದೆ ಗೈಡ್ ನೋಡಿ ಆ ವಾಕ್ಯ ಇಳಿಸಿದ ಪಕ್ಕದ ಮನೆಯ ಹುಡುಗನಿಗೆ ಪೂರ್ತಿ ಅಂಕ. ‘ಅಜ್ಜ, ನಾ ನೋಡಿದ್ದೇ ಬರ್ದಿದ್ದು’ ಎಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ.

ಶಿಕ್ಷಕರನ್ನು ದೂರುವುದಿಲ್ಲ. ಒಬ್ಬರೇ ಎರಡು ತರಗತಿ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ಎಲ್ಲ ತೂಗಿಸುತ್ತಾರೆ. ಉತ್ತರಸೂಚಿಯಲ್ಲಿ ಇದ್ದದ್ದಕ್ಕೆ ಅಂಕ ಹಾಕಿದ್ದಾರೆ. ನನ್ನ ಪ್ರಶ್ನೆ ಆ ಉತ್ತರಸೂಚಿ ಮಾಡುವವರಿಗೆ. ‘ಕಂಡದ್ದನ್ನು ಬರೆಯಿರಿ’ ಎಂದ ಮೇಲೆ, ಮಗು ಏನು ಕಂಡಿತು ಎನ್ನುವುದು ನಿಮಗೆ ಮೊದಲೇ ಹೇಗೆ ಗೊತ್ತು? ಆ ಪ್ರಶ್ನೆ ಬಯಲುಸೀಮೆಯ ಬೇಸಿಗೆಗೆ ಸರಿ, ಮಲೆನಾಡಿನ ಮುಂಗಾರಿಗಲ್ಲ. ಇನ್ನೊಂದನ್ನೂ ಗಮನಿಸಬೇಕು. ಗೆರೆಗಿಂತ ಮೇಲಿತ್ತು ಎನ್ನುವುದು ಕಣ್ಣಿಗೆ ಕಂಡದ್ದು, ಇರಚಲು ಬಡಿದದ್ದು ಊಹೆ. ಎರಡನ್ನೂ ಕಲಸದೆ ‘ಇರಬಹುದು’ ಎಂದು ಬೇರೆ ಇಟ್ಟಿದ್ದಾಳೆ. ಹನ್ನೊಂದು ವರ್ಷದ ಹುಡುಗಿಯಿಂದ ವಿಜ್ಞಾನದ ಪಾಠ ಇನ್ನೇನು ಬಯಸುತ್ತದೆ?

ಆಮೇಲೆ ನಾವಿಬ್ಬರೂ ಕೂತು ಮತ್ತೆ ಮಾಡಿದೆವು. ಒಂದೇ ಬಗೆಯ ಎರಡು ತಟ್ಟೆ, ಎರಡಕ್ಕೂ ನಾಲ್ಕು ನಾಲ್ಕು ಚಮಚ ನೀರು. ಒಂದು ಜಗಲಿಯಲ್ಲೇ, ಆದರೆ ಇರಚಲು ತಾಗದ ಒಳಮೂಲೆಗೆ. ಇನ್ನೊಂದು ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೆ. ಮರುದಿನ ಬೆಳಿಗ್ಗೆ ಅಟ್ಟದ ತಟ್ಟೆ ಒಣಗಿ, ತಳದಲ್ಲಿ ಬಿಳಿ ಕಲೆ ಮಾತ್ರ ಉಳಿದಿತ್ತು. ಜಗಲಿಯ ನೀರು ಕದಲಿರಲಿಲ್ಲ. ಗಾಳಿಯಲ್ಲೇ ಪಸೆ ತುಂಬಿದ್ದರೆ ನೀರು ಒಣಗುವುದು ನಿಧಾನ ಎಂದು ಅವಳಿಗೆ ನಾನು ಹೇಳಿಕೊಡಬೇಕಾಗಲಿಲ್ಲ.

ನಾವು ಅಡಿಕೆಯವರು ಪ್ರಯೋಗಕ್ಕೆ ಹೊಸಬರೇನಲ್ಲ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ನೋಡಿ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ. ಕದಡಿದ ಮೇಲೆ ಮಸೆದ ಕತ್ತಿಯನ್ನು ಅದರಲ್ಲಿ ಅದ್ದಿ ಹಿಡಿಯುತ್ತೇವೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಹಾಕಬೇಕು. ಚೀಟಿಯಲ್ಲಿ ಅಳತೆ ಸರಿಯಿದೆ ಎಂದು ಯಾರೂ ವಾದಿಸುವುದಿಲ್ಲ, ಕತ್ತಿ ಹೇಳಿದ್ದೇ ಕೊನೆಯ ಮಾತು. ಈ ಔಷಧಿ ಸಿಕ್ಕಿದ್ದೂ ಹೀಗೆಯೇ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಎಂದು ರಸ್ತೆ ಬದಿಯ ಬಳ್ಳಿಗಳಿಗೆ ತುತ್ತ-ಸುಣ್ಣ ಎರಚುತ್ತಿದ್ದರು. ರೋಗ ಬಂದಾಗಲೂ ಆ ಬಳ್ಳಿಗಳಲ್ಲಿ ಎಲೆ ಉಳಿದದ್ದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿದ, ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ನಮ್ಮ ಕೊಳೆರೋಗವನ್ನು ಅಭ್ಯಾಸ ಮಾಡಿ, 1910ರಲ್ಲಿ ಅದರ ಬಗ್ಗೆ ಬರೆದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್. ಮಳೆ ತಾಗದಿರಲಿ ಎಂದು ಅಡಿಕೆ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದ ನಮ್ಮ ಹಿರಿಯರು ಔಷಧಿಯನ್ನು ನಂಬಿದ್ದು ಹೊಡೆದ ಮರದಲ್ಲಿ ಕಾಯಿ ನಿಂತದ್ದನ್ನು ನೋಡಿ.

ಹಾಗಾಗಿ ನನ್ನ ಕೋರಿಕೆ ಸಣ್ಣದು. ಸೇತುಬಂಧದ ಪ್ರಶ್ನೆಗಳಲ್ಲಿ ‘ವೀಕ್ಷಣೆ’ ಎಂದಿರುವ ಕಡೆ ಉತ್ತರಸೂಚಿಯಲ್ಲಿ ಒಂದು ಸಾಲು ಸೇರಿಸಲಿ: ಮಗು ಪ್ರಯೋಗ ಮಾಡಿ ಕಂಡದ್ದನ್ನು ಬರೆದಿದ್ದರೆ ಅಂಕ ಕೊಡಿ, ಫಲಿತಾಂಶ ಬೇರೆಯಾಗಿದ್ದರೆ ಕಾರಣ ಕೇಳಿ. ಮಲೆನಾಡಿನ ಶಾಲೆಗಳಿಗೆ ಜೂನ್‌ನಲ್ಲಿ ತಟ್ಟೆಯ ನೀರಿಗಿಂತ ಮಳೆಯನ್ನೇ ಅಳೆಯಲು ಕೊಡಲಿ. ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಕತ್ತು ಕತ್ತರಿಸಿ ಬೋರಲಾಗಿ ಅದರಲ್ಲೇ ಕೂರಿಸಿ, ತಳದ ಡೊಂಕಿಗೆ ಕಲ್ಲುಹರಳು ತುಂಬಿ, ಅವು ಮುಳುಗುವಷ್ಟು ನೀರು ಹಾಕಿ, ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿದರೆ ಮಳೆಮಾಪಕ ತಯಾರು. ಖರ್ಚೇನೂ ಇಲ್ಲ.

ಮೊಮ್ಮಗಳು ಅಂಥದ್ದೊಂದನ್ನು ಅಂಗಳದ ನಡುವೆ ಇಟ್ಟಿದ್ದಾಳೆ. ಹವಾಮಾನ ಇಲಾಖೆಯವರಂತೆ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆದು, ನಿಮ್ಮ ಪತ್ರಿಕೆಯಲ್ಲಿ ಲಿಂಗನಮಕ್ಕಿ ಮಟ್ಟದ ಪಕ್ಕ ಬರುವ ತಾಲ್ಲೂಕಿನ ಮಳೆಯ ಜೊತೆ ಹೋಲಿಸುತ್ತಾಳೆ. ಒಂದು ದಿನವೂ ತಾಳೆಯಾಗಿಲ್ಲ. ‘ಪೇಪರ್‌ನವರ ಬಾಟ್ಲಿ ಎಲ್ಲಿಟ್ಟಿದಾರೆ ಅಜ್ಜ?’ ಎಂದು ಕೇಳುತ್ತಿದ್ದಾಳೆ. ಯಾವ ಊರಿನ ಮಾಪಕದ ಅಂಕಿ ಎಂದು ಪಟ್ಟಿಯ ಕೆಳಗೆ ಒಂದು ಸಾಲು ಹಾಕಿದರೆ ಉಪಕಾರವಾದೀತು.

ಇತಿ,
ಒಬ್ಬ ಅಡಿಕೆ ಬೆಳೆಗಾರ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ